ಸುಣ್ಣದಕ್ಕ ಬಳಿದ ಹಿಂದಿನ ಕೋಣೆ

ಸುಣ್ಣದಕ್ಕನನ್ನು ಮೊದಲ ಸಲ ಕಂಡಾಗ ದೊಡ್ಡ ಕಲಾವಿದೆಯೆಂದೇ ತಿಳಿದು ಹತ್ತು ನಿಮಿಷ ಮಾತಾಡಿಬಿಟ್ಟಿದ್ದೆ. ತಪ್ಪು ಪೂರ್ತಿ ನನ್ನದಲ್ಲ. ಗ್ಯಾಲರಿಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಹಾಲಿನಂಥ ಬಿಳಿ ಗೋಡೆ, ಅದರ ಮುಂದೆ ಬಣ್ಣ ಮೆತ್ತಿದ ಅಂಗಿ ತೊಟ್ಟು, ತಲೆಗೆ ಬಟ್ಟೆ ಕಟ್ಟಿ, ಕತ್ತು ಓರೆ ಮಾಡಿಕೊಂಡು ನಿಂತ ಹೆಂಗಸು. ಏನೂ ಇಲ್ಲದ ಗೋಡೆಯನ್ನೇ ಕೃತಿ ಅನ್ನುವ ಕಾಲ ಇದು. ಅರ್ಥವಾಗಲಿಲ್ಲ ಎಂದು ತೋರಿಸಿಕೊಳ್ಳುವುದಕ್ಕಿಂತ ಮೆಚ್ಚಿಬಿಡುವುದೇ ಕ್ಷೇಮ. ಗಂಟಲು ಸರಿಮಾಡಿಕೊಂಡು, ಇಲ್ಲಿನ ಮೌನ ಎಷ್ಟೊಂದು ಮಾತಾಡುತ್ತಿದೆ ಎಂಬುದನ್ನೇ ಹತ್ತು ಬಗೆಯಲ್ಲಿ ಹೇಳಿದೆ. ಅವಳು ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡು, "ಒರಗ್ಬೇಡಿ ಸಾರ್, ಇನ್ನೂ ಹಸಿ ಇದೆ" ಅಂದಳು. ಅಷ್ಟು ಹೊತ್ತಿಗೆ ನನ್ನ ಕೋಟಿನ ತೋಳು ಬೆಳ್ಳಗಾಗಿತ್ತು.

ಒಂದು ಪ್ರದರ್ಶನ ಮುಗಿದು ಇನ್ನೊಂದು ಶುರುವಾಗುವ ನಡುವೆ ಗೋಡೆಗಳನ್ನು ಮತ್ತೆ ಬಿಳಿ ಮಾಡುವುದು ಅವಳ ಕೆಲಸ. ಬಳಿಯುವುದು ಡಬ್ಬದ ಬಣ್ಣವೇ ಆದರೂ ಹೆಸರು ಮಾತ್ರ ಸುಣ್ಣ ಬಳಿಯುತ್ತಿದ್ದ ತಾಯಿಯಿಂದ ಬಂದದ್ದು. ಬಳಿಯುವ ಗೋಡೆಯ ಮೇಲೆ ಏನಿದೆ ಎಂದು ಅವಳು ನೋಡುತ್ತಿರಲಿಲ್ಲ. ರೋಲರಿನ ಅಂಚಿನಲ್ಲಿ ಒಂದು ಗೇಣು ಜಾಗ ಕಂಡರೆ ಸಾಕು, ಅದಕ್ಕಿಂತ ಹೆಚ್ಚು ನೋಡಿದರೆ ಕೈ ನಿಧಾನವಾಗುತ್ತದೆ, ಬಣ್ಣದ ಕೋಟು ತೆಳುವಾಗುತ್ತದೆ ಎಂದು ಅವಳ ವಾದ. ದೇಶದೇಶಗಳಿಂದ ಬಂದವರ ಚಿತ್ರಗಳು ಅವಳ ರೋಲರಿನಡಿ ಹೋಗಿದ್ದವು. ಒಂದರ ಮುಖವನ್ನೂ ಅವಳು ಕಂಡಿರಲಿಲ್ಲ.

ಚಿಕ್ಕವಳಿದ್ದಾಗ ಹೀಗಿರಲಿಲ್ಲ. ತಾಯಿ ಹೋದಾಗ ಅವಳಿಗೆ ಹದಿನೇಳು, ತಮ್ಮನಿಗೆ ಐದು. ಮನೆಯಲ್ಲಿ ಒಬ್ಬನನ್ನೇ ಬಿಡುವಂತಿಲ್ಲ, ಕೆಲಸದ ಜಾಗಕ್ಕೆ ಕರೆದೊಯ್ದರೆ ಸುಮ್ಮನೆ ಕೂರುವ ಪೈಕಿಯಲ್ಲ. ಕೊನೆಗೆ ಇಬ್ಬರ ನಡುವೆ ಒಂದು ಒಪ್ಪಂದವಾಯಿತು. ಮೊದಲ ಕೋಟು ಒಣಗಿ ಎರಡನೆಯದು ಹಚ್ಚುವವರೆಗಿನ ನಾಲ್ಕು ಗಂಟೆ ಗೋಡೆ ಅವನದು, ಆಮೇಲೆ ಅವಳದು. ಡಬ್ಬದ ತಳದ ಬಣ್ಣ, ಕೂದಲುದುರಿದ ಕುಂಚ, ಇದ್ದಿಲ ಚೂರು, ಸಿಕ್ಕಿದ್ದರಲ್ಲಿ ಅವನು ಬರೆಯುತ್ತಿದ್ದ. ಎಷ್ಟೋ ಮಂದಿಯ ಮಲಗುವ ಕೋಣೆಯ ತಿಳಿ ಹಸಿರಿನ ಕೆಳಗೆ ಇವತ್ತಿಗೂ ಎರಡು ತಲೆಯ ಕುದುರೆ, ಮೀಸೆ ಇರುವ ಮೀನು ಇವೆ; ಮನೆಯವರಿಗೆ ಗೊತ್ತಿಲ್ಲ. ಎರಡನೇ ಕೋಟಿಗೆ ಅಕ್ಕ ರೋಲರ್ ಎತ್ತಿದಾಗ ಅವನು ಅಡ್ಡ ನಿಂತು, "ನೋಡಿದ್ಯಾ?" ಎಂದು ಕೇಳಬೇಕು, ಅವಳು ತಲೆಯಿಂದ ಕಾಲಿನವರೆಗೆ ನೋಡಿ "ನೋಡ್ದೆ" ಅನ್ನಬೇಕು. ಆಮೇಲೆ ಬಳಿದರೆ ಅವನಿಗೆ ಒಂದಿಷ್ಟೂ ಬೇಸರವಿಲ್ಲ. ಬಳಿಯುವವರಿಗೆ ತೋರಿಸುವುದಕ್ಕೆಂದೇ ಚಿತ್ರ ಬರೆಯುವುದು ಎಂದು ಆ ಮಗು ನಂಬಿಕೊಂಡು ಬೆಳೆಯಿತು.

ಬೆಳೆದ ಮೇಲೆ ಬೀದಿಯ ಗೋಡೆಗಳ ಹುಚ್ಚು ಹಿಡಿಯಿತು. ಸ್ಪ್ರೇ ಡಬ್ಬಿಗಳು ಮನೆ ಸೇರಿದವು, ಸೇತುವೆಯ ಕಂಬಗಳಿಗೆ ಕಣ್ಣು ಮೂಗು ಬಂದವು. ಸುಣ್ಣದಕ್ಕ ಬೈದಳು, ಅವನು ನಕ್ಕ, ಅಲ್ಲಿಗೆ ಮುಗಿಯುತ್ತಿತ್ತು. ಮುಗಿಯದೇ ಹೋದದ್ದು ಶಾಲೆಯ ಕಾಂಪೌಂಡಿನ ದಿನ. ಅವಳು ಮೂರು ದಿನ ಬಿಸಿಲಲ್ಲಿ ನಿಂತು ಬಳಿದ ಉದ್ದ ಗೋಡೆ. ನಾಲ್ಕನೇ ದಿನ ನೋಡಿದರೆ ಅದರ ತುಂಬ ಏಣಿ ಹೊತ್ತು ಸಾಲಾಗಿ ನಡೆಯುತ್ತಿರುವ ಹೆಂಗಸರು. ಮುಖ್ಯೋಪಾಧ್ಯಾಯರು ಅವಳನ್ನು ಕರೆಸಿ, ಮಕ್ಕಳ ಮುಂದೆಯೇ ಇಂಗ್ಲಿಷಿನಲ್ಲಿ ಬೈದರು. ಅರ್ಥವಾಗದ ಬೈಗುಳ ಹೆಚ್ಚು ನಾಟುತ್ತದೆ. ಅವಳು ತಮ್ಮನನ್ನು ಕರೆಸಿ ಅದೇ ಮಕ್ಕಳ ಮುಂದೆ ಅವನ ಕೈಗೆ ರೋಲರ್ ಕೊಟ್ಟು, "ಗೋಡೆ ಹಾಳುಮಾಡ್ಲಿ ಅಂತ ನಿನ್ನ ಸಾಕಿದ್ನೇನೋ? ಬಳಿ" ಅಂದಳು. ಹತ್ತೊಂಬತ್ತರ ಹುಡುಗ ಎರಡು ಕೋಟು ಬಳಿದ. ಅಂಚು ತಿದ್ದಿದ, ಕಲಿಸಿದ ಹಾಗೆ ರೋಲರ್ ತೊಳೆದು ತಲೆಕೆಳಗಾಗಿ ನೇತುಹಾಕಿದ. ಮನೆಗೆ ಬರಲಿಲ್ಲ.

ಒಂಬತ್ತು ವರ್ಷ ಬರಲಿಲ್ಲ. ಅವನ ಚಿತ್ರಗಳು ಮಾತ್ರ ನಾಲ್ಕು ಅಂತಸ್ತು ಎತ್ತರವಾದವು, ಪತ್ರಿಕೆಯಲ್ಲಿ ಬಂದವು. ಗ್ಯಾಲರಿಯ ಕೆಲಸ ಹಿಡಿದಿದ್ದ ಸುಣ್ಣದಕ್ಕ ಗೋಡೆ ನೋಡದೆ ಬಳಿಯುವುದನ್ನು ರೂಢಿಸಿಕೊಂಡದ್ದು ಈ ಅವಧಿಯಲ್ಲೇ. ಕೈ ನಿಧಾನವಾಗುತ್ತದೆ ಎಂಬುದು ನಿಜವಿರಬಹುದು. ಏಕೆ ನಿಧಾನವಾಗುತ್ತದೆ ಎಂದು ಅವಳು ಹೇಳುತ್ತಿರಲಿಲ್ಲ.

ಹೀಗಿರುವಾಗ ಅದೇ ಗ್ಯಾಲರಿ ಬೀದಿ ಚಿತ್ರಗಳ ಪ್ರದರ್ಶನ ಮಾಡಿತು. ಹಿಂದೆ ಇಂಥ ಚಿತ್ರ ಬರೆದವರನ್ನು ಅಟ್ಟಿಸಿಕೊಂಡು ಓಡುತ್ತಿದ್ದ ನಗರ ಈಗ ಅವುಗಳ ಮುಂದೆ ಹಗ್ಗ ಕಟ್ಟಿ, ಮುಟ್ಟಬೇಡಿ ಎಂದು ಬೋರ್ಡು ಹಾಕಿತು. ಮುಖ್ಯ ಕಲಾವಿದ ತಮ್ಮನೇ. ನೇರ ಗೋಡೆಯ ಮೇಲೇ ಬರೆದಿದ್ದ. ಐದು ವಾರ ನಡೆದ ಪ್ರದರ್ಶನಕ್ಕೆ ಸುಣ್ಣದಕ್ಕ ಹೋಗಲಿಲ್ಲ. ಅವನು ಕರೆಯಲಿ ಎಂದು ಕಾದಳು. ಕರೆಯದೆ ನುಗ್ಗಲು ತಾನೇನು ದಾರಿಹೋಕಳೇ ಎಂದು ಪಕ್ಕದ ಮನೆಯವಳ ಹತ್ತಿರ ಎರಡು ಸಲ ಹೇಳಿಯೂ ಇದ್ದಳು. ಅತ್ತ ತಮ್ಮ ಮೊದಲ ದಿನವೇ ಗ್ಯಾಲರಿಯ ಮೇಡಂ ಹತ್ತಿರ ಗೋಡೆ ಬಳಿಯುವವರು ಯಾರು ಎಂದು ವಿಚಾರಿಸಿ, ಹೆಸರು ತಿಳಿದುಕೊಂಡು, ಯಾವತ್ತು ಬರುತ್ತಾರೆ ಎಂದಷ್ಟೇ ಕೇಳಿದ್ದ. ಅವನ ಲೆಕ್ಕದಲ್ಲಿ ಕರೆಯುವ ಪ್ರಶ್ನೆಯೇ ಇರಲಿಲ್ಲ. ಬಳಿಯುವುದಕ್ಕೆ ಅವಳೇ ಬರಬೇಕು, ಬಂದವಳು ಮೊದಲು ನೋಡುತ್ತಾಳೆ.

ಕೊನೆಯ ಭಾನುವಾರ ಜನರೆಲ್ಲ ಹೋದ ಮೇಲೆ ಅವನು ಹಿಂದಿನ ಸಣ್ಣ ಕೋಣೆಯನ್ನು ಒಂದೆರಡು ಗಂಟೆ ಕೇಳಿ ಪಡೆದ. ಖಾಲಿ ಇದ್ದ ಗೋಡೆಯ ಮೇಲೆ ಏನೋ ಬರೆದ. ಫೋಟೋ ತೆಗೆಯಲು ಬಂದ ಮೇಡಮ್ಮಿಗೆ ಬೇಡ ಎಂದ. ಇದು ಒಬ್ಬರಿಗೆ ಮಾತ್ರ ಎಂದ.

ಸೋಮವಾರ ಬೆಳಿಗ್ಗೆ ಸುಣ್ಣದಕ್ಕ ಬಂದಳು. ಗೋಡೆಗಳ ಮೇಲೆಲ್ಲ ಅವನದೇ ಕೈ ಎಂಬ ನೆನಪಿಗೆ ತಲೆಯ ಬಟ್ಟೆಯನ್ನು ಹುಬ್ಬಿನವರೆಗೆ ಎಳೆದುಕೊಂಡಳು. ಚಿಕ್ಕದು ಮೊದಲು ಮುಗಿಯಲಿ ಎಂದು ಹಿಂದಿನ ಕೋಣೆಗೆ ಹೋಗಿ, ನೆಲಕ್ಕೆ ಹಾಳೆ ಹಾಸಿ, ಕೆಳಗಿನ ಅಂಚಿನಿಂದ ಶುರುಮಾಡಿದಳು. ಸ್ಪ್ರೇ ಬಣ್ಣ ಕಪಟಿ. ಬರೀ ಬಿಳಿ ಬಳಿದರೆ ಆರು ತಿಂಗಳಲ್ಲಿ ಕೆಂಪು ಮತ್ತೆ ಮೇಲಕ್ಕೆ ಜಿನುಗುತ್ತದೆ. ಅದಕ್ಕೆಂದು ಕಲೆ ತಡೆಯುವ ಪ್ರೈಮರ್ ಇದೆ. ಒಂದು ಸಲ ಸಾಕು. ಆ ದಿನ ಸಿಟ್ಟಿಗೆ ಎರಡು ಸಲ ಹಚ್ಚಿದಳು.

ಹನ್ನೊಂದಕ್ಕೆ ಚಹಾಕ್ಕೆಂದು ಹೊರಗೆ ಬಂದರೆ ಮೆಟ್ಟಿಲ ಮೇಲೆ ತಮ್ಮ ಕೂತಿದ್ದಾನೆ. ಗಡ್ಡ ಬಂದಿದೆ, ಉಳಿದಂತೆ ಅದೇ ಮುಖ. ಅವಳು ಎದುರಿನ ಅಂಗಡಿಗೆ ಹೋಗಿ ಎರಡು ಲೋಟ ಚಹಾ ಹಿಡಿದು ಬಂದಳು. ಅವನು ಎದ್ದು ನಿಂತ.

"ನೋಡಿದ್ಯಾ?"

ಪ್ರದರ್ಶನದ ಮಾತು ಎಂದುಕೊಂಡಳು. ಐದು ವಾರದ ಮುನಿಸು ನಾಲಿಗೆಯ ತುದಿಯಲ್ಲೇ ಇತ್ತು. "ನೋಡೋಕೇನಿತ್ತು ಅದ್ರಲ್ಲಿ? ಬಳಿಯೋಕೆ ಶುರು ಮಾಡಿ ಆಯ್ತು."

"ಹಿಂದಿನ ರೂಮು?"

"ಅದೇ ಮೊದಲು."

"ಆಯ್ತು" ಅಂದ. ಮೆಟ್ಟಿಲಿಳಿದು ಹೋದ. ಸುಣ್ಣದಕ್ಕ ಎರಡೂ ಚಹಾ ತಾನೇ ಕುಡಿದು, ಎಷ್ಟು ಕೊಬ್ಬು ನೋಡಿ ಎಂದು ಅಂಗಡಿಯವನಿಗೆ ಹೇಳಿದಳು.

ಮಧ್ಯಾಹ್ನ ಮೇಡಂ ಬಂದು, ಅವರು ನಿಮಗೋಸ್ಕರ ಬರೆದದ್ದು ಇಷ್ಟವಾಯಿತಾ ಎಂದು ಕೇಳಿದಾಗಲೇ ಅವಳಿಗೆ ವಿಷಯ ತಿಳಿದದ್ದು. ಏಣಿಯ ಮೇಲೆ ತಲೆಗೆ ಬಟ್ಟೆ ಕಟ್ಟಿದ ಹುಡುಗಿ, ಕೆಳಗೆ ಬಣ್ಣದ ಡಬ್ಬದ ಮೇಲೆ ಕೂತ ಮಗು. ಇಷ್ಟು ಮಾತ್ರ ಮೇಡಮ್ಮಿಗೆ ನೆನಪಿತ್ತು. ಮಿಕ್ಕ ಸಮಯವನ್ನು ಅವರು ಅದರ ಆಳವನ್ನು ವಿವರಿಸಲು ಬಳಸಿದರು. ಸುಣ್ಣದಕ್ಕ ಮರಳು ಕಾಗದ ಹಿಡಿದು ಹಿಂದಿನ ಕೋಣೆಗೆ ಓಡಿದಳು. ಉಜ್ಜಿದಷ್ಟೂ ಬಿಳಿ ಪುಡಿ ಬಂತು, ಆಮೇಲೆ ಕೆಂಪು, ಆಮೇಲೆ ನೀಲಿ. ಉಜ್ಜಿದ ಕಡೆ ಚಿತ್ರವೆಲ್ಲ ಅಂಗೈಗೆ ಬಂತು, ಗೋಡೆಯ ಮೇಲೆ ಒಂದು ಗೆರೆಯೂ ಉಳಿಯಲಿಲ್ಲ. ಉಜ್ಜುವುದನ್ನು ಅಲ್ಲಿಗೇ ನಿಲ್ಲಿಸಿದಳು.

ಮೇಡಂ ಹತ್ತಿರ ನಂಬರ್ ಇಸಕೊಂಡು ಫೋನ್ ಮಾಡಿದಳು. ನಾನು ನೋಡಿರಲಿಲ್ಲ ಕಣೋ ಎಂದಳು. ಹಾಗೆ ಹೇಳಿದರೆ ಸರಿಹೋಗುತ್ತದೆ ಎಂದುಕೊಂಡಿದ್ದಳು. ನೋಡಿ ಬಳಿದಿದ್ದರೆ ಅವನಿಗೆ ಸಿಟ್ಟು ಬರುತ್ತಿತ್ತೇನೋ. ನೋಡದೆಯೇ ಬಳಿದಳು ಎಂಬುದಕ್ಕೆ ಏನು ಬರಬೇಕೆಂದು ಅವನಿಗೂ ತಿಳಿಯಲಿಲ್ಲ. "ಪರವಾಗಿಲ್ಲ ಬಿಡಿ" ಅಂದ. ಹುಟ್ಟಿದಾಗಿನಿಂದ ಅಕ್ಕನನ್ನು ಬಹುವಚನದಲ್ಲಿ ಮಾತಾಡಿಸಿದವನಲ್ಲ.

ಅದಾಗಿ ಎರಡು ವರ್ಷ. ಅವನು ಬೇರೆ ಬೇರೆ ಊರುಗಳ ಗೋಡೆಗಳ ಮೇಲೆ ಬರೆಯುತ್ತಿದ್ದಾನಂತೆ. ಇವಳು ಉಜ್ಜಿದ ಜಾಗ ಬಿಟ್ಟು ಉಳಿದ ಗೋಡೆಯಲ್ಲಾದರೂ ಕೆಂಪು ಜಿನುಗೀತು, ಒಂದು ಕಿವಿಯೋ ಏಣಿಯ ಮೆಟ್ಟಿಲೋ ಎದ್ದೀತು ಎಂದು ಪ್ರತಿ ಸಲ ಹಿಂದಿನ ಕೋಣೆಯ ದೀಪ ಹಾಕಿ ನೋಡುತ್ತಾಳೆ. ಬೇರೆ ಯಾರಾದರೂ ಬಳಿದಿದ್ದರೆ ಇಷ್ಟು ಹೊತ್ತಿಗೆ ಎದ್ದಿರುತ್ತಿತ್ತು. ಈಗ ಬಳಿಯುವ ಮುಂಚೆ ಒಂದೊಂದು ಚಿತ್ರದ ಮುಂದೆಯೂ ನಿಲ್ಲುತ್ತಾಳೆ. ಕೆಲಸ ತಡವಾಗುತ್ತದೆ, ಮೇಡಂ ಏನೂ ಅನ್ನುವುದಿಲ್ಲ.

ಗ್ಯಾಲರಿಯ ಅದೇ ಮೆಟ್ಟಿಲ ಮೇಲೆ ಕೂತು ಇದನ್ನೆಲ್ಲ ಅವಳು ಹೇಳಿ ಮುಗಿಸಿದಾಗ ನನಗೆ ಸುಮ್ಮನಿರಬೇಕೆಂದು ತೋಚಲಿಲ್ಲ. ಕಲೆಯ ಬಗ್ಗೆ ಬರೆಯುವವನ ಗಾಂಭೀರ್ಯದಲ್ಲಿ, ಚಿತ್ರದಲ್ಲಿ ನಿಮ್ಮ ಹೋಲಿಕೆ ಚೆನ್ನಾಗಿ ಬಂದಿತ್ತೇ ಎಂದು ಕೇಳಿದೆ.

ಸುಣ್ಣದಕ್ಕ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಅದನ್ನ ನೋಡಿದ್ದಿದ್ರೆ ನಿಮ್ ಜೊತೆ ಯಾಕೆ ಕೂತು ಮಾತಾಡ್ತಿದ್ದೆ ಸಾರ್? ಅವನ ಜೊತೆ ಮಾತಾಡ್ತಿದ್ದೆ."