ಎರಡನೇ ಜ್ವರದ ಫೋಲ್ಡರ್

ಪರದೆಯ ಮೇಲೆ ಯಾವ ಅಂಕಿ ಏರಿದರೂ ಈಗಲೂ ಕೆಲಸ ಬಿಟ್ಟು ಅದನ್ನೇ ನೋಡುತ್ತೇನೆ.

ಶಿಡ್ಲಘಟ್ಟದ ಹತ್ತಿರ ಎಳೆಯ ರೇಷ್ಮೆಹುಳು ಸಾಕಿ ರೈತರಿಗೆ ಕೊಡುವ ಒಬ್ಬರಿದ್ದಾರೆ. ಅಕ್ಕ ಎಂದೇ ಕರೆಯುತ್ತೇನೆ. ಅವರ ಸಾಕಣೆ ಕೋಣೆಯ ಹೀಟರ್ ಹಾಕಿ ಆರಿಸುವ ಪ್ರೋಗ್ರಾಂ ನಾನು ಬರೆದದ್ದು. ಫೋಲ್ಡರ್‌ಗಳ ಜೋಡಣೆ ಅವರದು: ಹುಳುವಿನ ಒಂದೊಂದು ತಂಡಕ್ಕೂ ಒಂದು ಫೋಲ್ಡರ್, ಅದರೊಳಗೆ ಒಂದು ಸಿಮ್‌ಲಿಂಕ್, ಅಂದರೆ ಬಿಸಿಯ ಮಿತಿ ಬರೆದ ಕಡತ ಎಲ್ಲಿದೆಯೆಂದು ತೋರಿಸುವ ಕೊಂಡಿ. ಎಲ್ಲವೂ ಗಿಟ್‌ನಲ್ಲಿದೆ, ಅಂದರೆ ಒಂದೇ ಕಡತಗಳನ್ನು ಎರಡೂ ಕಡೆಯ ಕಂಪ್ಯೂಟರ್‌ಗಳು ಹಂಚಿಕೊಳ್ಳುವ ವ್ಯವಸ್ಥೆಯಲ್ಲಿ. ನಾನು ಚಿಕ್ಕಬಳ್ಳಾಪುರದಲ್ಲಿ ಕೂತು ಬದಲಿಸಿದ್ದನ್ನು ಅಲ್ಲಿನ ಕಂಪ್ಯೂಟರ್ ತಾನೇ ಎಳೆದುಕೊಂಡು ಪ್ರೋಗ್ರಾಂ ಮತ್ತೆ ಶುರುಮಾಡುತ್ತದೆ.

ಒಂದು ಮಧ್ಯಾಹ್ನ ನನ್ನ ಪರದೆಯಲ್ಲಿ ಆ ಕೋಣೆಯ ಬಿಸಿ ಏರುತ್ತಲೇ ಇತ್ತು. ಫೋನ್ ಮಾಡಿದರೆ ಅಕ್ಕ ಚಿಂತಾಮಣಿಯಿಂದ ಬರುವ ಬಸ್ಸಿನಲ್ಲಿದ್ದರು.

"ಅಕ್ಕಾ, ಹೀಟರ್ ಆರ್ತಿಲ್ಲ. ಯಾರಾದ್ರೂ ಮೇನ್ ಆಫ್ ಮಾಡ್ತಾರಾ?"

"ಮೇನೂ ಒಳಗೇ ಐತೆ, ಕೀ ನನ್ ಹತ್ರ. ಸೋಂಕು ತಗಲುತ್ತೆ ಅಂತ ಯಾರ್ನೂ ಬಿಡಲ್ಲ ಕಣಪ್ಪ."

"ಬೆಳಿಗ್ಗೆ ಕಂಪ್ಯೂಟರಲ್ಲಿ ಏನಾದ್ರೂ ಮುಟ್ಟಿದ್ರಾ?"

"ಹುಳ ಮೊದಲ್ನೇ ಜ್ವರದಿಂದ ಎದ್ದ್ವು. ತಟ್ಟೆ ಪಕ್ಕದ ಸ್ಟ್ಯಾಂಡಿಗಿಟ್ಟೆ. ಹಂಗೇ ಫೋಲ್ಡರ್ನೂ ಎರಡನೇ ಜ್ವರದೊಳಕ್ಕೆ ಹಾಕ್ದೆ."

ಪೊರೆ ಬಿಡುವ ಮುನ್ನ ಹುಳು ಮೇವು ಬಿಟ್ಟು ಅಲ್ಲಾಡದೆ ಕೂರುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಅದು ಕಳೆದರೆ ತಟ್ಟೆಯ ಜಾಗ ಬದಲು. ಫೋಲ್ಡರ್ ಕೂಡ ಹಾಗೆಯೇ ಇನ್ನೊಂದರ ಒಳಗೆ ಹೋಗಿತ್ತು. ಕೊಂಡಿ ಮಾತ್ರ ಹಳೆಯ ದಾರಿಯನ್ನೇ ಹಿಡಿದು, ಇಲ್ಲದ ಕಡತವನ್ನು ತೋರಿಸುತ್ತಿತ್ತು. ಮಿತಿ ಸಿಗದ ಪ್ರೋಗ್ರಾಂ ಉರಿಯುವ ಹೀಟರನ್ನು ಹಾಗೇ ಬಿಟ್ಟು ನಿಂತಿತ್ತು.

ದಾರಿ ತಿದ್ದಿ ಕಳಿಸಿದೆ. ಬಿಸಿ ಇಳಿಯಲಿಲ್ಲ.

"ಡ್ರೈವರ್‌ಗೆ ಬೇಗ ಓಡ್ಸಪ್ಪ ಅಂದೆ. ನಿಮ್ಮ ಹುಳಕ್ಕೆ ನಾನೇನ್ ಆಂಬುಲೆನ್ಸಾ ಅಂತಾನೆ," ಅಂದರು ಅಕ್ಕ. "ಈ ಹುಳ ನಂಬ್ಕೊಂಡು ಅಷ್ಟು ಜನ ರೈತ್ರು ಸೊಪ್ಪು ಬೆಳೆಸವ್ರೆ ಕಣೋ."

ಕಳಿಸಿದ್ದನ್ನು ತೆರೆದು ನೋಡಿದೆ. ನನ್ನ ವಿಂಡೋಸ್ ಯಂತ್ರದಿಂದ ಹೋಗಿದ್ದು ಕೊಂಡಿಯೇ ಅಲ್ಲ, ದಾರಿ ಬರೆದಿದ್ದ ಒಂದು ಸಾಲಿನ ಸಾದಾ ಕಡತ. ಅಳಿಸಿದೆ. ಕೊಂಡಿಯನ್ನು ಕೊಂಡಿಯೆಂದೇ ಉಳಿಸುವಂತೆ ಗಿಟ್‌ನ ಸೆಟ್ಟಿಂಗ್ ಬದಲಿಸಿ, ಹೊಸದಾಗಿ ಮಾಡಿ ಕಳಿಸಿದೆ. ಅಂಕಿ ಇನ್ನೂ ಏರಿತು, ನಿಂತಿತು, ಆಮೇಲೆ ನಿಧಾನಕ್ಕೆ ಇಳಿಯತೊಡಗಿತು.

ಬಸ್ಸಿಳಿದು ಬಂದ ಅಕ್ಕ ಬೀಗ ತೆಗೆದು ವಿಡಿಯೊ ಕಾಲ್ ಮಾಡಿದರು. ಸಣ್ಣಗೆ ಹೆಚ್ಚಿದ ಸೊಪ್ಪು ಉದುರಿಸಿದರು. ಬಾಗಿಲ ಕಡೆಯ ತಟ್ಟೆಗಳಲ್ಲಿ ಹುಳುಗಳು ತಲೆಯೆತ್ತಿದವು. ಹೀಟರ್ ಪಕ್ಕದವು ಎತ್ತಲಿಲ್ಲ. ಅಕ್ಕ ಅವಕ್ಕೂ ಇನ್ನೊಂದು ಹಿಡಿ ಸೊಪ್ಪು ಹಾಕಿ, ಬಾಗಿಲ ಕಡೆಯ ತಟ್ಟೆಗಳನ್ನು ಎಣಿಸಿದರು.

"ಉಳಿದಿರೋದು ಕೊಡಣ," ಎಂದರು ಕೊನೆಗೆ. "ಯಾರಿಗೆ ಇಲ್ಲ ಅನ್ನಲಿ, ಅದು ಹೇಳು."