ಗಜೇಂದ್ರಗಡಕ್ಕೆ ಬಂದ ಭಾನುವಾರ

೧೯೫೫ರ ಆರಂಭದಲ್ಲಿ ನನ್ನನ್ನು ರೋಣದ ಸಭಾಪಾಲಕನನ್ನಾಗಿ ಕಳಿಸಿದರು. ಆಗ ನನಗೆ ಇಪ್ಪತ್ತೆಂಟು ವರ್ಷ. ದೀಕ್ಷೆಯಾಗಿ ವರ್ಷ ತುಂಬಿರಲಿಲ್ಲ. ಒಂದು ಊರಿನ ಕ್ರೈಸ್ತ ಕುಟುಂಬಗಳ ಕೂಟವನ್ನು ನಾವು ಸಭೆ ಎನ್ನುತ್ತೇವೆ. ರೋಣದ ಜೊತೆಗೆ ನರಗುಂದ ಮತ್ತು ಗಜೇಂದ್ರಗಡದ ಸಭೆಗಳೂ ನನ್ನ ಪಾಲಿಗೆ ಬಂದಿದ್ದವು. ಮೂರು ಊರು, ಒಬ್ಬ ಪಾದ್ರಿ, ಒಂದು ಸೈಕಲ್ಲು. ದೂರದ ಹಾದಿಗೆ ದಿನಕ್ಕೊಮ್ಮೆ ಧೂಳೆಬ್ಬಿಸಿಕೊಂಡು ಬರುವ ಬಸ್ಸು.

ಮೂರೂ ಸಭೆಗಳು ಒಂದೇ ತರಹ ಇರಲಿಲ್ಲ. ರೋಣದಲ್ಲಿ ಹಂಚಿನ ಚರ್ಚು ಇತ್ತು, ಗಂಟೆ ಇತ್ತು, ಹಿಂದೆ ಬೇವಿನ ಮರಗಳ ಕೆಳಗೆ ಸ್ಮಶಾನ ಇತ್ತು. ಸಾಲಿ ಮಾಸ್ತರರು, ನರ್ಸುಗಳು, ಕಚೇರಿಯ ಗುಮಾಸ್ತರು ಅಲ್ಲಿಯ ಸಭಿಕರು. ನರಗುಂದದಲ್ಲಿ ಗುಡ್ಡದ ಬುಡದಲ್ಲಿ ಕೆಲವೇ ಮನೆಗಳು. ಹೆಚ್ಚಿನವರು ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ದುಡಿಯುವವರು. ಗಜೇಂದ್ರಗಡದವರು ನೇಕಾರರು. ಅವರಿಗೆ ಚರ್ಚಿನ ಕಟ್ಟಡವೇ ಇರಲಿಲ್ಲ. ಸುಂದ್ರವ್ವ ಎಂಬ ವಿಧವೆಯ ಮನೆಯ ಪಡಸಾಲೆಯಲ್ಲಿ, ನೇಯುವವರು ಕಾಲು ಇಳಿಬಿಟ್ಟು ಕೂಡುವ ಮಗ್ಗದ ಕುಣಿಯ ಮೇಲೆ ಹಲಗೆ ಹಾಸಿ, ಅದರ ಮೇಲೆ ಜಮಖಾನೆ ಹಾಕಿ ಆರಾಧನೆ ನಡೆಯುತ್ತಿತ್ತು. ಸುಂದ್ರವ್ವನ ಗಂಡ ಆ ಊರಿನ ಮೊದಲ ಉಪದೇಶಿಯಾಗಿದ್ದವರು. ಅವರು ತೀರಿಕೊಂಡ ಮೇಲೂ ಆಕೆ ಪಡಸಾಲೆ ಬಿಟ್ಟುಕೊಡುವುದನ್ನು ನಿಲ್ಲಿಸಿರಲಿಲ್ಲ.

ಇಲ್ಲಿ ಒಂದು ನಿಯಮ ಹೇಳಬೇಕು. ಉಪದೇಶಿಯಾದವನು ಪ್ರಾರ್ಥನೆ ಮಾಡಿಸಬಹುದು, ಪ್ರಸಂಗ ಮಾಡಬಹುದು. ಆದರೆ ಕರ್ತನ ಭೋಜನ, ಅಂದರೆ ರೊಟ್ಟಿ ಮತ್ತು ದ್ರಾಕ್ಷಾರಸದ ಸಂಸ್ಕಾರವನ್ನು ದೀಕ್ಷೆಯಾದ ಪಾದ್ರಿಯೇ ನಡೆಸಬೇಕು. ಈಸ್ಟರ್ ಎಂದರೆ ಯೇಸು ಸಮಾಧಿಯಿಂದ ಎದ್ದು ಬಂದ ಭಾನುವಾರದ ಹಬ್ಬ; ಆ ಸಂಸ್ಕಾರವಿಲ್ಲದ ಈಸ್ಟರ್ ನಮ್ಮ ಜನಕ್ಕೆ ಅರ್ಧ ಹಬ್ಬ. ಆದ್ದರಿಂದ ನನಗಿಂತ ಮುಂಚಿನವರು ಒಂದು ಪದ್ಧತಿ ಮಾಡಿಟ್ಟಿದ್ದರು. ಶುಭ ಶುಕ್ರವಾರ ನರಗುಂದ, ಶನಿವಾರ ಸಂಜೆ ಗಜೇಂದ್ರಗಡ, ಭಾನುವಾರ ಸೂರ್ಯೋದಯಕ್ಕೆ ರೋಣ. ನಾನೂ ಮೊದಲ ವರ್ಷ ಅದನ್ನೇ ಪಾಲಿಸಿದೆ. ಶನಿವಾರ ದೀಪ ಹಚ್ಚುವ ಹೊತ್ತಿಗೆ ಗಜೇಂದ್ರಗಡದ ಪಡಸಾಲೆಯಲ್ಲಿ ನಿಂತು ಪುನರುತ್ಥಾನದ ಗೀತೆ ಹಾಡಿಸಿ, ರೊಟ್ಟಿ ಮುರಿದು, ಬಾಡಿಗೆ ಜೀಪಿನಲ್ಲಿ ರೋಣಕ್ಕೆ ಹೊರಡುವ ಅವಸರದಲ್ಲಿದ್ದೆ. ಸುಂದ್ರವ್ವ ಚಹಾ ತಂದುಕೊಟ್ಟು ಬಾಗಿಲಲ್ಲಿ ನಿಂತಳು.

"ಅಯ್ನೋರ, ಒಂದ್ ಮಾತ ಕೇಳ್ಲ್ಯಾ?"

"ಕೇಳ್ರಿ, ಸುಂದ್ರವ್ವ."

"ನಮ್ಮೂರಾಗ ಸ್ವಾಮಿ ಶನಿವಾರಾನ ಎದ್ದ ಬರ್ತಾನೇನ್ರಿ?"

ಪಡಸಾಲೆಯಲ್ಲಿದ್ದವರೆಲ್ಲ ನಕ್ಕರು. ಆಕೆ ನಗಲಿಲ್ಲ. ಬೆಟಗೇರಿಯ ನೇಕಾರರ ಓಣಿಯಲ್ಲಿ ಹುಟ್ಟಿ ಬೆಳೆದವಳು ಆಕೆ. ಅಲ್ಲಿ ಈಸ್ಟರ್ ದಿನ ನಸುಕಿನಲ್ಲಿ ಹುಡುಗಿಯರು ಹಾಡುತ್ತ ಓಣಿ ಸುತ್ತುತ್ತಿದ್ದರಂತೆ. ಮದುವೆಯಾಗಿ ಗಜೇಂದ್ರಗಡಕ್ಕೆ ಬಂದ ಮೇಲೆ ಈಸ್ಟರ್ ಭಾನುವಾರದ ಸಂಸ್ಕಾರ ಆಕೆಗೆ ಒಮ್ಮೆಯೂ ಸಿಕ್ಕಿರಲಿಲ್ಲ. ರೋಣಕ್ಕೆ ಬರೋಣವೆಂದರೆ ಈಗ ಮೊಣಕಾಲು ಬಿಡುತ್ತಿರಲಿಲ್ಲ. "ಬರೋ ವರ್ಷ ನೋಡೂಣು" ಎಂದಷ್ಟೇ ಹೇಳಿ ಹೊರಟೆ.

೧೯೫೬ರ ಲೆಂಟ್ ಬಂದಾಗ ಆ ಮಾತು ನನ್ನ ಬೆನ್ನು ಬಿಟ್ಟಿರಲಿಲ್ಲ. ಲೆಂಟ್ ಎಂದರೆ ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ಸಂಯಮದ ಕಾಲ. ಆ ದಿನಗಳ ರೋಣ ಈಗಲೂ ನನ್ನ ಕಣ್ಣಮುಂದೆ ಇದೆ. ಜೋಳದ ರಾಶಿ ಮುಗಿದು ಎರೆಹೊಲಗಳು ಬರಿದಾಗಿ ಬಿರುಕು ಬಿಡುತ್ತಿದ್ದವು. ನಮ್ಮ ಮನೆಗಳಲ್ಲಿ ಮಾಂಸ ಬಂದ್. ಹೆಂಗಸರು ರೊಟ್ಟಿ ಬಡಿಯಲು ಕೂಡುವ ಮುಂಚೆ ಒಂದು ಹಿಡಿ ಹಿಟ್ಟು ಬಡವರಿಗೆಂದು ಬೇರೆ ಗಡಿಗೆಗೆ ಹಾಕುತ್ತಿದ್ದರು. ವಾರಕ್ಕೊಂದು ಸಂಜೆ ಒಬ್ಬೊಬ್ಬರ ಅಂಗಳದಲ್ಲಿ ಪ್ರಾರ್ಥನೆ. ಬೇವು ಹೂಬಿಟ್ಟು, ಆ ಕಹಿ ವಾಸನೆಯ ನಡುವೆಯೇ ಹಾಡಿನ ತಾಲೀಮು.

ಹಾಡು ಕಲಿಸುತ್ತಿದ್ದವರು ಯೋಹಾನಪ್ಪ ಮಾಸ್ತರರು. ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು, ಸಭೆಯ ಹಿರಿಯರು. ಧೋತರ, ಮುಚ್ಚುಗೊರಳಿನ ಕೋಟು, ಕೈಯಲ್ಲಿ ಸಣ್ಣ ಕೋಲು. ಯಾರಾದರೂ ಸ್ವರ ತಪ್ಪಿದರೆ ಆ ಕೋಲಿನಿಂದ ಬೆಂಚಿಗೆ ಒಂದು ಪೆಟ್ಟು ಬೀಳುತ್ತಿತ್ತು. ಊರಿನ ಅರ್ಧ ಜನ ಅವರ ಕೈಕೆಳಗೆ ಓದಿದವರು. ಇನ್ನರ್ಧ ಜನ ಅವರಿಗೆ ಹೆದರುವವರು.

ಹಿರಿಯರ ಕೂಟದಲ್ಲಿ ನಾನು ವಿಷಯ ಎತ್ತಿದೆ. ಈ ವರ್ಷ ಭಾನುವಾರದ ಸೂರ್ಯೋದಯದ ಆರಾಧನೆ ಗಜೇಂದ್ರಗಡದಲ್ಲಿ ಆಗಲಿ, ರೋಣದಲ್ಲಿ ಶನಿವಾರ ಮಾಡೋಣ ಎಂದೆ. ಯೋಹಾನಪ್ಪ ಮಾಸ್ತರರ ಮುಖ ಬಿಗಿಯಿತು.

"ಗಂಟಿ ಇಲ್ಲೈತಿ, ಚರ್ಚ ಇಲ್ಲೈತಿ. ಅಲ್ಲೇನೈತ್ರಿ? ಮಗ್ಗದ ಕುಣಿ."

"ಜನಾ ಅದಾರಲ್ರಿ, ಮಾಸ್ತರ."

ಅವರು ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡರು. ಆಮೇಲೆ ದನಿ ತಗ್ಗಿಸಿ, ಉಳಿದವರಿಗೆ ಕೇಳಬಾರದೆಂಬಂತೆ ಹೇಳಿದರು: "ರಾಹೇಲ ಇಲ್ಲದ ಮೊದಲ್ನೇ ಈಸ್ಟರ್ರಿ ಇದು. ನೀವು ಆ ಮುಂಜಾನಿ ಇಲ್ಲಿರಬೇಕು ಅಂತ ಇದ್ದೆ."

ರಾಹೇಲಮ್ಮ ಅವರ ಹೆಂಡತಿ. ಹಿಂದಿನ ದೀಪಾವಳಿಯ ಸುಮಾರಿಗೆ ತೀರಿಕೊಂಡಿದ್ದರು. ಮಣ್ಣು ಕೊಟ್ಟವನು ನಾನೇ. ರೋಣದಲ್ಲಿ ಈಸ್ಟರ್ ದಿನ ಬೆಳಕು ಹರಿಯುವ ಮುಂಚೆ ಸಭೆಯವರೆಲ್ಲ ಹೂವು ಹಿಡಿದು ಸ್ಮಶಾನಕ್ಕೆ ಹೋಗುತ್ತಿದ್ದರು. ತಮ್ಮ ತಮ್ಮವರ ಸಮಾಧಿಯ ಮುಂದೆ ನಿಂತು, ಸೂರ್ಯ ಕಾಣುತ್ತಿದ್ದಂತೆ ಹಾಡುತ್ತಿದ್ದರು. ಆಯಾ ವರ್ಷ ತೀರಿಕೊಂಡವರ ಸಮಾಧಿಯ ಹತ್ತಿರ ಪಾದ್ರಿ ನಿಂತು ಪ್ರಾರ್ಥಿಸುವುದು ವಾಡಿಕೆ.

ಅಧಿಕಾರದಿಂದ ತೀರ್ಮಾನ ಹೇಳಬಹುದಿತ್ತು, ಪದ್ಧತಿ ಬದಲಿಸುವ ಹಕ್ಕು ಪಾದ್ರಿಗೆ ಇತ್ತು. ಆದರೆ ಎರಡೂ ಕಡೆಯವರು ಕೇಳಿದ್ದು ಒಂದೇ ಮುಂಜಾವನ್ನು, ಇಬ್ಬರೂ ಕೇಳಿದ್ದು ನ್ಯಾಯವೇ. ಸ್ವಲ್ಪ ದಿನ ಕಾಲ ಕೊಡಿ ಎಂದು ಕೂಟ ಮುಗಿಸಿದೆ.

ಮರುದಿನ ಸೈಕಲ್ಲು ಹತ್ತಿ ಅಬ್ಬಿಗೇರಿ ದಾಟಿ ಗಜೇಂದ್ರಗಡಕ್ಕೆ ಹೋದೆ. ಸುಂದ್ರವ್ವ ರಾಟಿಯ ಮುಂದೆ ಕೂತು ನೂಲು ಸುತ್ತುತ್ತಿದ್ದಳು. ಈ ಸಲವೂ ಭಾನುವಾರ ಕಷ್ಟವಾಗಬಹುದು ಎಂದು ಹೇಳಿ ಕಾರಣವನ್ನೂ ತಿಳಿಸಿದೆ. ರಾಟಿ ನಿಂತಿತು.

"ಆ ತಾಯಿ ಹೋಗಿದ್ದು ಯಾವಾಗ್ರಿ?"

"ದೀಪಾವಳಿ ಸುಮಾರಿಗೆ."

"ಮತ್ತ ಇದರಾಗ ಇಚಾರ ಮಾಡೂದೇನೈತ್ರಿ? ಮಾಸ್ತರ ಕಡೇನ ಇರ್ರಿ. ನಮ್ಮವರು ತೀರಿಕೊಂಡ ವರ್ಷ ಈಸ್ಟರ್ ದಿನಾ ನಾ ಒಬ್ಬಾಕೀನ ಅವರ ಗೋರಿ ಮುಂದ ಕುಂತಿದ್ನಿ. ಹಾಡಾಕ ಹೋದ್ರ ದನೀನ ಬರಲಿಲ್ಲ. ಆ ದಿನಾ ಒಬ್ರ ಇರಬಾರದ್ರಿ." ಮತ್ತೆ ರಾಟಿ ತಿರುಗಿಸುತ್ತ ಸೇರಿಸಿದಳು: "ನಮಗ ಶನಿವಾರ ಸಾಕು."

ರೋಣಕ್ಕೆ ಮರಳಿ ನೇರವಾಗಿ ಯೋಹಾನಪ್ಪ ಮಾಸ್ತರರ ಮನೆಗೆ ಹೋದೆ. ಹುಡುಗಿಯರಿಗೆ ಹಾಡು ಹೇಳಿಕೊಡುತ್ತಿದ್ದರು. ಹೊರಗೆ ಕರೆದು, ನಾನು ಬೆಳಿಗ್ಗೆ ರೋಣದಲ್ಲೇ ಇರುತ್ತೇನೆ ಎಂದು ಹೇಳಿ, ಸುಂದ್ರವ್ವ ಆಡಿದ ಮಾತನ್ನು ಆಡಿದ ಹಾಗೆಯೇ ಹೇಳಿದೆ.

"ಆಕಿ ಹಂಗಂದ್ಲಾ?"

"ಹೌದ್ರಿ."

"ದನೀನ ಬರಲಿಲ್ಲ ಅಂದ್ಲಾ?"

"ಹೌದ್ರಿ, ಮಾಸ್ತರ."

ಅವರು ಒಳಗೆ ಹೋದರು. ಮತ್ತೆ ಹಾಡು ಶುರುವಾಯಿತು. ಆ ಸಂಜೆ ಬೆಂಚಿಗೆ ಕೋಲಿನ ಪೆಟ್ಟು ಬೀಳಲಿಲ್ಲ.

ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಬಂತು. ಸವಡಿ ಕಡೆಯ ಹಳ್ಳದಿಂದ ತಂದ ಈಚಲು ಗರಿ ಹಿಡಿದು ಹಾಡುತ್ತ ಪೇಟೆಯ ಬೀದಿಯಲ್ಲಿ ನಡೆದೆವು. ಅಂಗಡಿಯವರು ಕಟ್ಟೆಯ ಮೇಲೆ ಎದ್ದು ನಿಂತು ನೋಡಿದರು. ಮಾಸ್ತರರು ಎಲ್ಲರಿಗಿಂತ ಮುಂದೆ ಹಾಡುತ್ತ ನಡೆದರೇ ಹೊರತು ನನ್ನೊಡನೆ ಆ ವಿಷಯ ಎತ್ತಲಿಲ್ಲ. ಶುಕ್ರವಾರ ನರಗುಂದದಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗಿನ ಆರಾಧನೆ. ಗುಡ್ಡದ ಕಲ್ಲು ಕಾದು ಬಿಸಿಗಾಳಿ ಒಳಗೆ ನುಗ್ಗುತ್ತಿತ್ತು. ಜಿನ್ನಿನಿಂದ ಅರ್ಧ ದಿನ ರಜೆ ಕೇಳಿಕೊಂಡು ಬಂದವರ ತಲೆಗೂದಲಲ್ಲಿ ಇನ್ನೂ ಹತ್ತಿಯ ಎಳೆ ಇದ್ದವು. ಮುಗಿದ ಮೇಲೆ ಎಲ್ಲರಿಗೂ ತಣ್ಣನೆಯ ಮಜ್ಜಿಗೆ ಅಂಬಲಿ. ಅಷ್ಟು ರುಚಿಯ ಅಂಬಲಿ ಮುಂದೆ ನಾನೆಲ್ಲೂ ಕುಡಿದಿಲ್ಲ.

ಶನಿವಾರ ಸಂಜೆ ಗಜೇಂದ್ರಗಡದ ಪಡಸಾಲೆಯಲ್ಲಿ ಜನ ಕೂಡಿದ್ದರು. ಲಕ್ಕಲಕಟ್ಟಿಯಿಂದಲೂ ಒಂದು ಕುಟುಂಬ ನಡೆದು ಬಂದಿತ್ತು. ಮರದ ಪೆಟ್ಟಿಗೆಯಿಂದ ಬಟ್ಟಲು, ತಟ್ಟೆ ತೆಗೆದು ಬಿಳಿ ವಸ್ತ್ರ ಹಾಸುತ್ತಿದ್ದೆ. ಹೊರಗೆ ಎತ್ತಿನ ಗೆಜ್ಜೆ ಸಪ್ಪಳ, ಹಿಂದೆಯೇ ಗಲಾಟೆ. ಬಾಗಿಲಿಗೆ ಬಂದು ನೋಡಿದರೆ ಎರಡು ಚಕ್ಕಡಿಗಳಲ್ಲಿ ರೋಣದ ಹಾಡಿನ ತಂಡ. ಹುಡುಗಿಯರು, ಮುದುಕರು, ಪಾತ್ರೆ, ಹಾಸಿಗೆಯ ಸುರುಳಿ. ಮೈತುಂಬ ಧೂಳು ಹೊದ್ದ ಯೋಹಾನಪ್ಪ ಮಾಸ್ತರರು ಕೋಟು ಕೊಡವುತ್ತ ಇಳಿದರು. ಸವಡಿಯ ಅವರ ಹಳೆಯ ವಿದ್ಯಾರ್ಥಿಯೊಬ್ಬ ಎರಡೂ ಚಕ್ಕಡಿ ಕೊಟ್ಟು, ಒಂದನ್ನು ತಾನೇ ಹೊಡೆದುಕೊಂಡು ಬಂದಿದ್ದ.

"ಇವತ್ತ ಆರಾಧನಿ ಬ್ಯಾಡ್ರಿ, ಅಯ್ನೋರ. ಎಲ್ಲಾ ಕಟ್ಟಿ ಇಡ್ರಿ. ನಾಳೆ ಮುಂಜಾನಿ ಮಾಡೂಣು, ಇಲ್ಲೇ."

"ಮಾಸ್ತರ, ರಾಹೇಲಮ್ಮನವರ ಸಮಾಧಿ..."

"ಹೋಗಿ ಬಂದ್ನಿ. ಇವತ್ತ ನಸುಕಿನ್ಯಾಗ ಇವರನ್ನೆಲ್ಲಾ ಕರಕೊಂಡ ಹೋಗಿ, ಹೂವು ಇಟ್ಟು, ಹಾಡಿ ಬಂದ್ನಿ." ಕೋಟಿನ ಧೂಳು ಮತ್ತೊಮ್ಮೆ ಕೊಡವಿ ಹೇಳಿದರು: "ಶನಿವಾರ ಯಾಕ ಬಂದ್ರಿ ಅಂತ ಆಕಿ ಕೇಳಲಿಲ್ಲ ನೋಡ್ರಿ."

ರೋಣದ ಎಲ್ಲರೂ ಇದನ್ನು ಒಪ್ಪಿರಲಿಲ್ಲ. ಮೂರ್ನಾಲ್ಕು ಮನೆಯವರು ಸಿಟ್ಟಿನಿಂದ ಅಲ್ಲೇ ಉಳಿದಿದ್ದರು. ಬರಲಾಗದ ಮುದುಕರಿಗಾಗಿ ಅಲ್ಲಿದ್ದ ಉಪದೇಶಿಯೊಬ್ಬ ಭಾನುವಾರ ಪ್ರಾರ್ಥನೆ ನಡೆಸಿದ. ಮುಂದೆ ಇದೇ ವಿಷಯಕ್ಕೆ ಚರ್ಚಿನ ಮೇಲಧಿಕಾರಿಗಳು ನನ್ನನ್ನು ಕರೆಸಿ ವಿಚಾರಿಸಿದರು. ಅದನ್ನೂ ಹೇಳಿಬಿಡುವುದು ಸರಿ.

ಅಷ್ಟು ಜನ ಪಡಸಾಲೆಯಲ್ಲಿ ಹಿಡಿಸುವಂತಿರಲಿಲ್ಲ. ಪಕ್ಕದ ಮನೆಯ ನೂಲಿನ ವ್ಯಾಪಾರಿ ಖಾದರಸಾಹೇಬರು ತಾವಾಗಿಯೇ ಬಂದು, "ನಮ್ಮ ಹಿತ್ತಲಾ ಖಾಲಿ ಐತ್ರಿ, ಕೂಡ್ರಿ" ಎಂದು ಬಾಗಿಲು ತೆಗೆಸಿದರು. ಸಂಜೆಯೇ ಹೆಂಗಸರು ಹಿತ್ತಲಿನ ನೆಲಕ್ಕೆ ಸೆಗಣಿ ಸಾರಿಸಿದರು. ಮಗ್ಗದಲ್ಲಿ ಉಳಿದ ಬಣ್ಣದ ನೂಲಿನ ತುಂಡುಗಳನ್ನು ಹಬ್ಬಕ್ಕೆ ಹಂಚುವ ಕೋಳಿತತ್ತಿಗಳಿಗೆ ಬಿಗಿಯಾಗಿ ಸುತ್ತಿ ಕುದಿಸಿದರು. ಬಿಚ್ಚಿದಾಗ ಬಿಳಿಯ ಸಿಪ್ಪೆಯ ಮೇಲೆ ಸೀರೆಯ ಅಂಚಿನಂಥ ಕೆಂಪು, ನೀಲಿ ಗೆರೆಗಳು. ರೋಣದ ಹುಡುಗಿಯರು ಅದನ್ನು ಕಂಡದ್ದು ಅದೇ ಮೊದಲು. ಸಿಪ್ಪೆ ಸುಲಿಯಲು ಮನಸ್ಸಾಗದೆ ಒಂದೊಂದು ಮಡಿಲಲ್ಲಿ ಕಟ್ಟಿಕೊಂಡರು.

ಭಾನುವಾರ ಬೆಳಗಿನ ಆರಾಧನೆಗೆ ಗಂಟೆ ಇರಲಿಲ್ಲ. ಹಾಡಿನ ತಂಡ ನೇಕಾರರ ಓಣಿಯಲ್ಲಿ ಹಾಡುತ್ತ ಸುತ್ತಿತು, ಅದೇ ಕರೆ. ಬಾಗಿಲುಗಳು ಒಂದೊಂದಾಗಿ ತೆರೆದವು. ಗಜೇಂದ್ರಗಡದವರ ಉಚ್ಚಾರವೇ ಬೇರೆ, ಎಳೆತವೇ ಬೇರೆ. ಮಾಸ್ತರರು ಯಾರನ್ನೂ ತಿದ್ದಲಿಲ್ಲ. ಹಿತ್ತಲಿನ ಗೋಡೆಯ ಮೇಲೆ ಬಿಸಿಲು ಬಿದ್ದಾಗ ಎರಡೂ ಊರಿನವರು ಒಟ್ಟಿಗೆ ಹಾಡುತ್ತಿದ್ದರು.

ರೊಟ್ಟಿ ಮುರಿಯುವ ಹೊತ್ತಾಯಿತು. ನೋಡಿದರೆ ಸುಂದ್ರವ್ವನೇ ಇಲ್ಲ. ಪಕ್ಕದ ತನ್ನ ಮನೆಯೊಳಗೆ ಒಲೆಯ ಮುಂದೆ, ಅಷ್ಟು ಮಂದಿಗೆ ಚಹಾ ಕಾಸುತ್ತ ಕೂತಿದ್ದಳು. ಒಂದು ಹುಡುಗಿ ಹೋಗಿ ಕರೆದಳು. "ಚಾ ಕುದ್ಯಾಕತ್ತೈತಿ, ನೀವು ನಡಸ್ರಿ" ಎಂದು ಉತ್ತರ ಬಂತು. ಇಷ್ಟು ವರ್ಷ ಕಾದ ಮುಂಜಾವಿನಲ್ಲಿ ಆಕೆಗೆ ಬಂದವರ ಹೊಟ್ಟೆಯದೇ ಚಿಂತೆ. ನಾನು ತಟ್ಟೆ ಹಿಡಿದು ಹಾಗೇ ನಿಂತೆ.

ಯೋಹಾನಪ್ಪ ಮಾಸ್ತರರು ಎದ್ದು ಒಳಗೆ ಹೋದರು. ಅವರ ದನಿ ಹಿತ್ತಲಿಗೆ ಕೇಳಿಸಿತು.

"ನೀವ ಹೋಗ್ರಿ, ಅಕ್ಕಾರ. ಚಾ ನಾ ನೋಡ್ತೀನಿ."

"ನಿಮಗ ಬರ್ತೈತೇನ್ರಿ?"

"ಬರೂದಿಲ್ರಿ. ನೀವ ಹೋಗ್ರಿ."

ಸುಂದ್ರವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಮೊಣಕಾಲೂರಲು ಆಗದೆ ಗೋಡೆ ಹಿಡಿದು ನಿಂತೇ ಇದ್ದಳು. ನಾನೇ ಅಲ್ಲಿಗೆ ಹೋಗಿ ಮೊದಲ ತುಂಡು ಆಕೆಯ ಅಂಗೈಗೆ ಇಟ್ಟೆ. ಮಸಿ ಹತ್ತಿದ ಅಂಗೈ. ಒಳಗೆ ಚಹಾ ಉಕ್ಕಿ ಒಲೆಯೊಳಗೆ ಚುಂಯ್ ಎಂದ ಸಪ್ಪಳ, ಜೊತೆಗೆ ಮಾಸ್ತರರು ಗಾಬರಿಯಿಂದ ಏನೋ ಗೊಣಗಿದ್ದು. ಸುಂದ್ರವ್ವನಿಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು, ಮುಖದಲ್ಲಿ ನಗು, ಕೈಯಲ್ಲಿ ರೊಟ್ಟಿ. ಇಡೀ ಸಭೆ ಆಕೆಯೊಡನೆ ನಕ್ಕಿತು. ಕರ್ತನ ಭೋಜನದ ನಡುವೆ ಹಾಗೆ ನಕ್ಕದ್ದನ್ನು ನಾನು ಮುಂದೆಂದೂ ಕಾಣಲಿಲ್ಲ. ಚಹಾ ಕುಡಿಯುವಾಗ ಸ್ವಲ್ಪ ಸೀದ ವಾಸನೆ ಇತ್ತು, ಯಾರೂ ಉಳಿಸಲಿಲ್ಲ.

ಮರುವರ್ಷದಿಂದ ಮೂರೂ ಊರಿಗೆ ಸರದಿಯಂತೆ ಈಸ್ಟರ್ ಭಾನುವಾರ ಸಿಗತೊಡಗಿತು. ಮುನಿಸಿಕೊಂಡವರೂ ಬರಬರುತ್ತ ಚಕ್ಕಡಿ ಹತ್ತಿದರು. ನಾನು ಅಲ್ಲಿಂದ ವರ್ಗವಾಗಿ ಹೋಗುವವರೆಗೂ ಇದು ನಡೆಯಿತು.

ದೇವಜ್ಞಾನದ ಕಾಲೇಜಿನಲ್ಲಿ ನನಗೆ ಪ್ರಸಂಗ ಕಟ್ಟುವುದನ್ನೂ ಸಂಸ್ಕಾರ ನಡೆಸುವುದನ್ನೂ ಕಲಿಸಿದ್ದರು. ಇಬ್ಬರ ನಡುವೆ ತಕರಾರು ಬಂದಾಗ ತೀರ್ಪು ಹೇಳುವುದೇ ಪಾದ್ರಿಯ ಕೆಲಸ ಎಂದು ನಾನು ತಿಳಿದಿದ್ದೆ. ಆ ವರ್ಷ ನಾನು ಯಾವ ತೀರ್ಪನ್ನೂ ಹೇಳಿ ಗೆಲ್ಲಲಿಲ್ಲ. ಒಬ್ಬ ವಿಧವೆಯ ದುಃಖವನ್ನು ಒಬ್ಬ ವಿಧುರನ ಮನೆಬಾಗಿಲಿಗೆ, ನನ್ನದೇನೂ ಬೆರೆಸದೆ, ಮುಟ್ಟಿಸಿದ್ದೆ ಅಷ್ಟೇ. ಉಳಿದದ್ದನ್ನು ಅವರೇ ಮಾಡಿದರು. ಮುಂದಿನ ನನ್ನ ಸೇವೆಯಲ್ಲೆಲ್ಲ ಇಬ್ಬರು ಎದುರುಬದುರಾದಾಗ ನಾನು ಮೊದಲು ಮಾಡಿದ ಕೆಲಸ ಒಂದೇ: ಒಬ್ಬರ ಮಾತನ್ನು ಪೂರ್ತಿ ಕೇಳಿ, ಸೈಕಲ್ಲು ಹತ್ತಿ, ಇನ್ನೊಬ್ಬರ ಮನೆಗೆ ಹೋಗುವುದು.