ಬಣ್ಣದ ಮಾಸ್ತರರ ಪಾಸ್‌ಪೋರ್ಟು

ಜಮಖಂಡಿಯಲ್ಲಿ ನಮ್ಮ ಪಕ್ಕದ ಮನೆಯ ಮಾಸ್ತರರು ರಬಕವಿ ಸೀರೆಗಳಿಗೆ ಮಾಸದ ಬಣ್ಣ ಹುಡುಕುತ್ತಿದ್ದರು. ಅವರ ಬೆರಳುಗಳು ಸದಾ ನೀಲಿ. ಜರ್ಮನಿಯ ಪ್ರಯೋಗಶಾಲೆಯೊಂದು ಅವರನ್ನು ಸಂಶೋಧನೆಗೆ ಕರೆದಿತ್ತು. ಪಾಸ್‌ಪೋರ್ಟಿಗೆ ಆಗ ಜಮಖಂಡಿ ಸಂಸ್ಥಾನದ ಒಪ್ಪಿಗೆ ಬೇಕಿತ್ತು. ಅದಕ್ಕೂ ಮೊದಲು ಪೊಲೀಸ್ ಫೌಜದಾರರ ವಿಚಾರಣೆ. ಅರ್ಜಿ ಕೊಟ್ಟಂದಿನಿಂದ ಬೂಟಿನ ಸಪ್ಪಳ ಕೇಳಿದರೆ ಸಾಕು, ಮಾಸ್ತರರು ಬೆರಳುಗಳನ್ನು ಧೋತರದಲ್ಲಿ ಮುಚ್ಚಿಕೊಳ್ಳುತ್ತಿದ್ದರು.

"ಕಲಿಯಾಕ ಅನ್ನಲ್ಯೋ, ಕೆಲಸಕ್ಕ ಅನ್ನಲ್ಯೋ? ಕಲಿಯಾಕ ಅಂದ್ರ ಜಾಮೀನು ಕೇಳ್ತಾರ. ಕೆಲಸಕ್ಕ ಅಂದ್ರ ಸಂಸ್ಥಾನ ಬಿಟ್ಟು ಓಡಾಕತ್ತಾನ ಅಂತಾರ" ಎಂದು ನಮ್ಮಪ್ಪನನ್ನು ದಿನಾ ಕೇಳುತ್ತಿದ್ದರು.

ಒಂದು ದಿನ ಫೌಜದಾರರು ಬಂದೇಬಿಟ್ಟರು. ನಮ್ಮ ಕಟ್ಟೆಯ ಮೇಲೆಯೇ ಕೂತು, ಅಪ್ಪನ ಹತ್ತಿರ ಬಂದಿದ್ದ ಮಾಸ್ತರರನ್ನು ನಗುತ್ತ ಕೇಳಿದರು: "ಪರದೇಶಕ್ಕ ಯಾಕ ಹೊಂಟೀರಿ, ಮಾಸ್ತರ?"

"ನಾ ಎಲ್ಲಿಗೂ ಹೋಗಂಗಿಲ್ರೀ, ಸಾಹೇಬ್ರ."

ಫೌಜದಾರರು ಅದನ್ನೇ ಬರೆದುಕೊಂಡು ಹೋದರು. ಮಾಸ್ತರರು ನಮ್ಮಪ್ಪನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ನಾ ತಪ್ಪೇನರ ಹೇಳಲಿಲ್ಲಲ್ಲರೀ?"